ಸೊಸೆಯ ಮೂಳೆ

ಬೆಕ್ಕಿನಷ್ಟು ಭಾರವೂ ಇಲ್ಲದ ಕುರಿಮರಿಯನ್ನು ಹಿಡಿಯಲು ಹೋಗಿ ನನ್ನ ಸೊಸೆ ಶೋಭಾರಾಣಿ ಅಂಗಳದಲ್ಲಿ ಮುಗ್ಗರಿಸಿದಳು. ಎಡಗೈ ಊರಿದಳು, ಮಣಿಕಟ್ಟು ಮುರಿಯಿತು. ನನಗೆ ಸಿಟ್ಟೇ ಬಂತು. ಅರವತ್ತಾರು ವರ್ಷದ ನಾನು ಗುಡ್ಡ ಹತ್ತಿ ಕುರಿ ಮೇಯಿಸಿಕೊಂಡು ಬರುತ್ತೇನೆ, ನಲವತ್ತೆರಡರ ಇವಳಿಗೇನು ಧಾಡಿ?

ಹಿರಿಯೂರಿನಲ್ಲಿ ಪ್ಲಾಸ್ಟರ್ ಹಾಕಿದವರು, ಇಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿಯಬಾರದು ಎಂದು ದುರ್ಗದ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಜವನಗೊಂಡನಹಳ್ಳಿಯಲ್ಲಿ ಬಸ್ಸು ಹತ್ತಿದ್ದೇ ಗೊಣಗಲು ಶುರುಮಾಡಿದ ನಾನು ದುರ್ಗದವರೆಗೂ ಬಾಯಿ ಮುಚ್ಚಲಿಲ್ಲ. ಅಲ್ಲಿ ಅವಳನ್ನು ಮೇಜಿನ ಮೇಲೆ ಮಲಗಿಸಿ, ಸೊಂಟದ ಮತ್ತು ಬೆನ್ನಿನ ಮೂಳೆ ಎಷ್ಟು ಗಟ್ಟಿಯಾಗಿದೆ ಎಂದು ಯಂತ್ರದಲ್ಲಿ ನೋಡಿದರು. ಸೂಜಿಯಿಲ್ಲ, ನೋವಿಲ್ಲ, ಕಾಲು ಗಂಟೆಯ ಕೆಲಸ.

ಡಾಕ್ಟರಮ್ಮ ರಿಪೋರ್ಟ್ ಓದಿ, "ಮೂಳೆ ಸವೆದೈತೆ ಕಣಮ್ಮ. ಎಪ್ಪತ್ತು ದಾಟಿದೋರಿಗೆ ಇರೋ ಥರ ಐತೆ. ಮುಟ್ಟು ಯಾವಾಗ ನಿಂತಿದ್ದು?" ಎಂದರು.

ಶೋಭಾ ನನ್ನ ಮುಖ ನೋಡಿದಳು. ನಾನೇ ಎದೆಯುಬ್ಬಿಸಿ ಹೇಳಿದೆ. "ಹನ್ನೊಂದು ವರ್ಷ ಆತು ತಾಯಿ. ನಾನೇ ಕರ್ಕೊಂಡು ಹೋಗಿ ಗರ್ಭಕೋಶ ತೆಗೆಸಿದ್ದು."

"ಏನು ಕಾಯಿಲೆ ಇತ್ತು?"

"ಕಾಯಿಲೆ ಏನಿಲ್ರಿ. ನಮ್ಮ ಹಟ್ಟೀಲಿ ಮುಟ್ಟಾದೋರು ಮೂರು ದಿನ ಬೇಲಿ ಆಚೆ ಇರ್ಬೇಕು. ಹಾಲು ಕುಡಿಯೋ ಕೂಸು ಕಟ್ಕೊಂಡು ಮಳೇಲಿ ನೆನೀತಿದ್ಲು. ತೆಗೆಸಿಬಿಟ್ರೆ ಪೀಡೆ ಹೋಗ್ತದೆ ಅಂತ ಎಲ್ರೂ ತೆಗೆಸ್ತಿದ್ರು, ನಾನೂ ತೆಗೆಸ್ದೆ."

ಡಾಕ್ಟರಮ್ಮ ಹಳೆಯ ಕಾಗದ ಕೇಳಿದರು. ಶೋಭಾ ಪ್ಲಾಸ್ಟಿಕ್ ಕವರಿನಿಂದ ತೆಗೆದುಕೊಟ್ಟಳು.

"ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದವ್ರೆ. ಹೆಣ್ಣಿನ ಮೂಳೆ ಕಾಯೋ ಹಾರ್ಮೋನು ಬರೋದೇ ಅಲ್ಲಿಂದ. ಮೂವತ್ತೊಂದಕ್ಕೇ ಅದು ನಿಂತ್ರೆ ಇನ್ನೇನಾಗ್ತದೆ ಹೇಳ್ರಿ?"

ವಾರಕ್ಕೊಂದು ಮಾತ್ರೆ ಬರೆದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಲೋಟ ತುಂಬ ನೀರಿನಲ್ಲಿ ನುಂಗಬೇಕು, ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ. ದಿನಾ ನಡೆಯಬೇಕು, ಆದರೆ ಬೀಳಬಾರದು. "ಹೋಗಿದ್ದು ಪೂರ್ತಿ ವಾಪಸ್ ಬರಲ್ಲ. ಇನ್ನಷ್ಟು ಸವೆಯೋದನ್ನ ತಡೀಬಹುದು. ಸೊಂಟ ಮುರಿದ್ರೆ ಮಾತ್ರ ಕಷ್ಟ, ಹುಷಾರು," ಎಂದರು.

ಸುಳ್ಳು ಯಾಕೆ ಹೇಳಲಿ, ಅವತ್ತು ಆಪರೇಷನ್ ಮಾಡಿಸಿದ್ದು ಬರೀ ಕನಿಕರದಿಂದಲ್ಲ. ಅವಳು ಆಚೆ ಕುಂತ ಮೂರು ದಿನವೂ ಒಲೆ ಮುಂದೆ ನಾನೇ ಬೇಯಬೇಕಿತ್ತು. ಅದೂ ನನಗೆ ಸಾಕಾಗಿತ್ತು.

ಪ್ಲಾಸ್ಟರ್ ಬಿಚ್ಚುವ ಮೊದಲೇ ಒಂದು ಬೆಳಿಗ್ಗೆ ಮೊಮ್ಮಗಳು ಕೀರ್ತನಾ ಬಚ್ಚಲಿನಿಂದ ಅಳುತ್ತಾ ಬಂದಳು. ಹನ್ನೆರಡು ವರ್ಷ, ದೊಡ್ಡವಳಾಗಿದ್ದಳು. ಶೋಭಾ ಒಂದೇ ಕೈಯಲ್ಲಿ ಚಾಪೆ ಸುತ್ತತೊಡಗಿದಳು, ತಟ್ಟೆ ಲೋಟ ಎತ್ತಿಟ್ಟಳು. ಪಕ್ಕದ ಮನೆಯ ಕಾಳಕ್ಕನಿಗೆ ಅದು ಹೇಗೆ ಗೊತ್ತಾಯಿತೋ, ಬಾಗಿಲಲ್ಲೇ ನಿಂತು ಕೂಗಿದಳು.

"ಏ ಮುದ್ದಕ್ಕ, ಇನ್ನೂ ಒಳಗೇ ಇಟ್ಕೊಂಡಿದೀಯಲ್ಲೇ! ಆಚೆ ಕಳ್ಸು ಬೇಗ."

ನನಗೆ ಹಟ್ಟಿ ಏನನ್ನುತ್ತದೋ ಎಂಬ ಭಯಕ್ಕಿಂತ ದೇವರ ಭಯವೇ ದೊಡ್ಡದು. ಆದರೂ ಶೋಭಾಳ ಕಂಕುಳಿಂದ ಚಾಪೆ ಕಿತ್ತು ನಡುಮನೆಯಲ್ಲೇ ಹಾಸಿದೆ.

"ನನ್ನ ಮೊಮ್ಮಗಳು ಎಲ್ಲೂ ಹೋಗಲ್ಲ. ದೇವ್ರು ಮುನಿದ್ರೆ ನನ್ ಮೇಲೆ ಮುನೀಲಿ. ಹೋಗೇ, ಹೇಳ್ಕೋ ಹೋಗು ಯಾರಿಗೆ ಬೇಕಾದ್ರೂ!"

ಕಾಳಕ್ಕ ಬಾಯಿ ಬಡಿದುಕೊಳ್ಳುತ್ತಾ ಹೋದಳು. ಮಗುವನ್ನು ಕೂರಿಸಿ ಬಿಸಿ ಹಾಲು ಕೊಟ್ಟೆ. ಶೋಭಾ ಗೋಡೆಗೆ ಒರಗಿ ನಿಂತೇ ಇದ್ದಳು.

"ಅವತ್ತು ನಂಗೂ ಹಿಂಗೇ ಅಂದಿದ್ರೆ ಸಾಕಾಗ್ತಿತ್ತಲ್ಲ ಅತ್ತೆ," ಎಂದಳು.

ಸಿಟ್ಟಿನಿಂದ ಅಂದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ.