ಕಣ್ಣಿನವರೆಲ್ಲ ಎಡಗಡೆ

ಆ ಏಳು ಮಹಡಿಯ ಹಳೇ ಕಟ್ಟಡದ ಲಿಫ್ಟಿಗೆ ಗುಂಡಿಗಳೇ ಇರಲಿಲ್ಲ. ಇದ್ದದ್ದು ಒಂದು ಹಿತ್ತಾಳೆಯ ಹಿಡಿಕೆ. ಹತ್ತಿದವರು ಮಹಡಿ ಹೇಳಬೇಕು; ನಡೆಸುವವರು ಅದನ್ನು ತಲೆಯಲ್ಲಿಟ್ಟುಕೊಂಡು, ಹಿಡಿಕೆ ತಿರುಗಿಸಿ, ಸರಿಯಾದ ಕಡೆ ನಿಲ್ಲಿಸಬೇಕು. ತಲೆ ನರೆಯುವ ತನಕ ಚಿಕ್ಕಪ್ಪ ಇದನ್ನೇ ಮಾಡಿದ್ದರು. ಮಂಡಿ ಕೈಕೊಟ್ಟಾಗ ಅಣ್ಣನ ಮಗಳನ್ನು ತಮ್ಮ ಜಾಗದಲ್ಲಿ ನಿಲ್ಲಿಸಿದರು. ಕಟ್ಟಡದ ಕಾರ್ಯದರ್ಶಿ, "ನೋಡೋಣ, ಒಂದು ತಿಂಗಳು ಓಡಿಸ್ಲಿ," ಎಂದರು.

ಹುಡುಗಿಗೆ ಮನೆಯಲ್ಲಿಟ್ಟ ಹೆಸರು ರೇಡಿಯೊ. ಬಾಯಿ ಅಂಥದ್ದು. ಲಿಫ್ಟು ಅವಳಿಗೆ ತವರುಮನೆಯಷ್ಟು ಹಿಡಿಸಿತು: ನಿಮಿಷಕ್ಕೊಂದು ಹೊಸ ಮುಖ, ಯಾರೂ ಎದ್ದು ಹೋಗುವಂತಿಲ್ಲ!

ಆದರೆ ಎರಡನೇ ವಾರ ಎಡವಟ್ಟಾಯಿತು. ನಾಲ್ಕನೇ ಮಹಡಿಯ ಕಣ್ಣಿನ ಆಸ್ಪತ್ರೆಗೆ ಹೊರಟಿದ್ದ, ಎರಡೂ ಕಣ್ಣಿಗೆ ಔಷಧಿ ಬಿಟ್ಟುಕೊಂಡಿದ್ದ ಒಬ್ಬ ಅಜ್ಜನನ್ನು ಅವಳು ಮಾತಿನ ಭರದಲ್ಲಿ ಐದರಲ್ಲಿ ಇಳಿಸಿಬಿಟ್ಟಳು. ಐದರಲ್ಲಿ ದರ್ಜಿ ಅಂಗಡಿ. ಅಜ್ಜ ಕೈಯಾಡಿಸಿಕೊಂಡು ಹೋಗಿ ಸ್ಟೂಲಿನ ಮೇಲೆ ಕೂತರು. ದರ್ಜಿ ಬಂದು ಕುತ್ತಿಗೆಗೆ ಟೇಪು ಸುತ್ತಿದ. "ಡಾಕ್ಟ್ರೇ, ತೊಂದ್ರೆ ಇರೋದು ಇನ್ನೂ ಸ್ವಲ್ಪ ಮೇಲೆ," ಎಂದರಂತೆ ಅಜ್ಜ.

ಇಡೀ ಕಟ್ಟಡ ನಕ್ಕಿತು. ಕಾರ್ಯದರ್ಶಿ ನಗಲಿಲ್ಲ. "ನೋಡಮ್ಮ, ಬಾಯಿ ಮುಚ್ಕೊಂಡು ಓಡ್ಸು. ಸೋಮವಾರ ನಾನೇ ಬಂದು ನಿಂತು ನೋಡ್ತೀನಿ. ಅವತ್ತೂ ಹೀಗೇ ಆದ್ರೆ ಬೇರೆಯವರನ್ನ ಹಾಕ್ತೀನಿ."

ರೇಡಿಯೊ ಬಾಯಿಗೆ ಬೀಗ ಹಾಕಿಕೊಂಡಳು. ಮೂರು, ಐದು, ಏಳು... ಮೂರು, ಐದು, ಏಳು... ತುಟಿಯೊಳಗೇ ಜಪ. ಅಷ್ಟರಲ್ಲಿ ಯಾರಾದರೂ "ಚಿಕ್ಕಪ್ಪ ಹೇಗಿದ್ದಾರಮ್ಮ?" ಎಂದರೆ ಮುಗಿಯಿತು, ಮೂರೂ ಇಲ್ಲ, ಏಳೂ ಇಲ್ಲ. ಚಿಕ್ಕಪ್ಪನನ್ನು ಕೇಳಿದರೆ, "ನಂಗೇನೇ ಗೊತ್ತು? ಬರೋರು, ಇಳಿಸ್ತಿದ್ದೆ," ಎಂದು ಮಂಡಿಗೆ ಎಣ್ಣೆ ತಿಕ್ಕಿಕೊಂಡರು.

ಆರನೇ ಮಹಡಿಯಲ್ಲಿ ಮನಃಶಾಸ್ತ್ರದ ಮೇಡಂ ಒಬ್ಬರಿದ್ದರು. ಊಟದ ಬಿಡುವಿನಲ್ಲಿ ಅವಳು ಅವರ ಬಾಗಿಲಲ್ಲಿ ಅಳುಮುಖ ಮಾಡಿಕೊಂಡು ನಿಂತಳು.

"ನಂಗೆ ಮರೆವಿನ ಕಾಯಿಲೆನಾ ಮೇಡಂ?"

"ಕೂತ್ಕೊಳ್ಳಿ. ಆರು, ಎರಡು, ಒಂಬತ್ತು, ನಾಲ್ಕು. ಈಗ ಲಲಲಲ ಅಂತಾ ಇರಿ... ಸಾಕು. ಏನು ಹೇಳ್ದೆ?"

"ಆರು... ಲಾ..."

ಇಬ್ಬರೂ ನಕ್ಕರು.

"ಕಾಯಿಲೆ ಅಲ್ಲ, ಎಲ್ಲರ ತಲೆಯೂ ಹೀಗೇ," ಎಂದರು ಮೇಡಂ. "ಈಗಷ್ಟೇ ಕೇಳಿದ್ದನ್ನ ಇಟ್ಕೊಳ್ಳೋಕೆ ಒಂದು ಸಣ್ಣ ಜಗಲಿ ಇರುತ್ತೆ. ನಾಲ್ಕೈದಕ್ಕಿಂತ ಜಾಸ್ತಿ ಹಿಡಿಸಲ್ಲ. ಒಳಗೊಳಗೇ ಹೇಳ್ಕೊಳ್ತಾ ಇದ್ರೆ ಮಾತ್ರ ಸದ್ದು ಅಲ್ಲಿ ಉಳಿಯುತ್ತೆ. ನೀವು ಬಾಯಿ ಬಿಟ್ರೆ ಅದು ಜಾರಿಹೋಗುತ್ತೆ."

"ಹಾಗಾದ್ರೆ ನನ್ನ ಕಥೆ ಮುಗೀತು."

"ತಾಳಿ. ಕಂಡದ್ದಕ್ಕೆ, ಯಾರು ಎಲ್ಲಿದ್ದಾರೆ ಅನ್ನೋದಕ್ಕೆ, ಬೇರೆ ಜಾಗ ಇದೆ. ಮಾತು ಅದನ್ನ ಅಷ್ಟಾಗಿ ಕೆಡಿಸಲ್ಲ. ಇನ್ನೊಂದು, ಬಿಡಿ ಕಡ್ಡಿಗಳು ಜಾಗ ತಿನ್ನುತ್ವೆ. ಕಟ್ಟು ಕಟ್ಟಿದ್ರೆ ಹತ್ತು ಕಡ್ಡಿನೂ ಒಂದೇ ಜಾಗದಲ್ಲಿ ಕೂರುತ್ವೆ. ನಿಮಗೆ ಚೆನ್ನಾಗಿ ಗೊತ್ತಿರೋದ್ರಲ್ಲೇ ಕಟ್ಟಬೇಕು. ಅಂಕಿ ಬಿಡಿ. ನಿಮಗೆ ಏನು ಚೆನ್ನಾಗಿ ಗೊತ್ತು?"

"ಜನ," ಎಂದಳು ರೇಡಿಯೊ.

ಸೋಮವಾರ ಬೆಳಿಗ್ಗೆ ಕಾರ್ಯದರ್ಶಿ ಒಂದು ಮಾತೂ ಆಡದೆ ಲಿಫ್ಟಿನ ಹಿಂದಿನ ಗೋಡೆಗೆ ಒರಗಿ ನಿಂತರು. ಬಾಗಿಲಲ್ಲಿ ಜನ ಮುತ್ತಿದ್ದರು. ರೇಡಿಯೊ ಗಂಟಲು ಸರಿಮಾಡಿಕೊಂಡಳು.

"ಬನ್ನಿ ಅಜ್ಜಿ, ಕಣ್ಣಿಗಾ? ಕಣ್ಣಿನವರೆಲ್ಲ ಎಡಗಡೆ. ಅಕ್ಕ, ಕೈಯಲ್ಲಿ ಬಟ್ಟೆ ಗಂಟು, ದರ್ಜಿ ಹತ್ರ ತಾನೇ? ನೀವು ಬಲಗಡೆ. ಪಿಟೀಲಿನವರು ಹಿಂದೆ, ಕಮಾನು ಯಾರ ಮೂಗಿಗೂ ತಾಗದ ಹಾಗೆ. ಅಣ್ಣ, ವಕೀಲರ ಹತ್ರನಾ? ಮುಖ ನೋಡಿದ್ರೇ ಗೊತ್ತಾಗುತ್ತೆ. ಬಾಗಿಲ ಪಕ್ಕ."

ಜಾಲರಿ ಬಾಗಿಲು ಎಳೆದು ಜನಕ್ಕೆ ಬೆನ್ನು ಮಾಡಿ ಹಿಡಿಕೆ ತಿರುಗಿಸಿದಳು. ಲಿಫ್ಟು ನರಳುತ್ತ ಏರಿತು. ಮೂರರಲ್ಲಿ ವಕೀಲರ ಹತ್ತಿರ ಹೊರಟಿದ್ದವನು ಇಳಿದ, ಅಲ್ಲಿಂದ ಹತ್ತಿದ ಇಬ್ಬರನ್ನು ಅವಳು "ದರ್ಜಿ? ಬಲಗಡೆ" ಎಂದು ಸೇರಿಸಿಕೊಂಡಳು. ಕಾರ್ಯದರ್ಶಿ ಕಾದದ್ದು ಆ ಗಳಿಗೆಗೇ.

"ನಿನ್ನ ಫೋನ್ ನಂಬರ್ ಎಷ್ಟಮ್ಮ? ಸ್ವಲ್ಪ ಜೋರಾಗಿ ಹೇಳು."

ಅವಳು ಹತ್ತೂ ಅಂಕಿ ಗಟ್ಟಿಯಾಗಿ ಹೇಳಿದಳು. ಕೊನೆಯ ಅಂಕಿ ಬಾಯಲ್ಲಿರುವಾಗಲೇ ಹಿಡಿಕೆ ತಿರುಗಿತು; ಲಿಫ್ಟು ನಾಲ್ಕರ ಹೊಸ್ತಿಲಿಗೆ ಸಮನಾಗಿ ನಿಂತಿತು. "ಕಣ್ಣಿನವರು ಇಳೀರಿ! ಅಜ್ಜಿ, ಕಾಲು ನೋಡ್ಕೊಂಡು."

ಐದರಲ್ಲಿ ಬಲಗಡೆ ಪೂರ್ತಿ ಖಾಲಿ. ಏಳರ ಸಂಗೀತ ಶಾಲೆಯಲ್ಲಿ ಪಿಟೀಲುಗಳು ಒಂದರ ಹಿಂದೊಂದು ಇಳಿದವು. ಕಾರ್ಯದರ್ಶಿ ಮಾತ್ರ ಕದಲಲಿಲ್ಲ.

"ನನ್ನ ಮರೆತೆ ನೋಡು. ನಾನು ಎರಡು ಅಂದಿದ್ದೆ."

ರೇಡಿಯೊ ಮೊದಲ ಬಾರಿಗೆ ಪೂರ್ತಿ ತಿರುಗಿದಳು. "ಇಲ್ಲ ಸರ್. ಎರಡು ಅಂದಿದ್ರೆ, ಎರಡರಲ್ಲಿ ಯಾರಿದ್ದಾರೆ, ಏನು ಕೆಲಸ ಅಂತ ಕೇಳದೆ ನಾನು ಬಿಡ್ತಿದ್ನಾ?"

ಹೊರಗೆ ನಿಂತಿದ್ದ ಪಿಟೀಲು ಮಾಸ್ತರು ಕಿಸಕ್ಕೆಂದರು. ಕಾರ್ಯದರ್ಶಿಯ ಮೀಸೆ ಅದುರಿತು; ತಡೆಯಲಾಗದೆ ಅವರೂ ನಕ್ಕುಬಿಟ್ಟರು.

"ನಿನ್ನನ್ನ ಸುಮ್ಮನಿರು ಅಂದಿದ್ದೇ ನನ್ನ ತಪ್ಪು. ನಾಳೆಯಿಂದ ನಿನ್ನ ಕೆಲಸ ಕಾಯಂ."

"ಕಾಯಂ ಅಂದ್ರೆ ಇನ್ನೊಂದು ಮಾತು ಸರ್. ಅಷ್ಟು ಹೊತ್ತು ನಿಂತು ಕಾಲು ಬಿದ್ದೋಗುತ್ತೆ. ಒಂದು ಕುರ್ಚಿ ಕೊಡ್ಸಿ. ಬೆನ್ನು ಒರಗೋಕೆ ಆಗೋ ಅಂಥದ್ದು."

"ಆಯ್ತಮ್ಮ, ಕೊಡಿಸ್ತೀನಿ."

ಕೆಳಗಿನಿಂದ ಯಾರೋ ಜಾಲರಿ ಬಡಿಯುತ್ತಿದ್ದರು. ರೇಡಿಯೊ ಹಿಡಿಕೆಗೆ ಕೈ ಹಾಕಿ, ಏಳು ಮಹಡಿಗೂ ಕೇಳುವ ಹಾಗೆ ಕೂಗಿದಳು: "ಬಂದೇ... ಬಂದೆ!"