ಒತ್ತು ನಿಲ್ಲದ ಕಲ್ಲು

ನನ್ನ ತಮ್ಮ ಸಮಾಧಿ ಕಲ್ಲುಗಳ ಮೇಲೆ ಅಕ್ಷರ ಕೆತ್ತುವವನು. ಕಂಡವರ ಹೆಸರನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಕೆತ್ತುತ್ತಿದ್ದವನಿಗೆ ಹೆಂಡತಿಯ ಕಲ್ಲಿನ ಮೇಲೆ ಒಂದೇ ಒಂದು ಪದ ಮೂಡಿಸಲು ಆಗಲಿಲ್ಲ. ಹೆಸರು ಬೇಡ, ಮಗಳು ಕರೆಯುತ್ತಿದ್ದಂತೆ ‘ಅಮ್ಮ’ ಎಂದಷ್ಟೇ ಇರಲಿ ಎಂದಿದ್ದ. ಹೆಂಡತಿಗಾಗಿ ಇನ್ನು ಮಾಡಬಹುದಾದದ್ದು ಅದೊಂದೇ ಉಳಿದಿತ್ತು.

ಎಡವಿದ್ದು ಕಲ್ಲಿನ ಆಯ್ಕೆಯಲ್ಲೇ. ಊಟದ ಡಬ್ಬಿ ತಂದಾಗಲೆಲ್ಲ ಅವಳು ಅವನ ಕೆಲಸದ ಶೆಡ್ಡಿನ ಮೂಲೆಯಲ್ಲಿದ್ದ ಗುಲಾಬಿ ಗ್ರಾನೈಟಿನ ಮುಂದೆ ನಿಂತು, ತಲೆ ಅತ್ತಿತ್ತ ವಾಲಿಸಿ ಅದರ ಹರಳುಗಳು ಫಳಕ್ಕೆನ್ನುವುದನ್ನು ನೋಡುತ್ತಿದ್ದಳು. ಅದು ಫೆಲ್ಡ್‌ಸ್ಪಾರ್. ನೆಲದಾಳದಲ್ಲಿ ಕರಗಿದ್ದ ಕಲ್ಲು ಲಕ್ಷಾಂತರ ವರ್ಷ ಆರುತ್ತಾ ಆರುತ್ತಾ ಹರಳುಗಟ್ಟಿದ್ದು; ನಿಧಾನವಾಗಿ ಆರಿದಷ್ಟೂ ಹರಳು ದೊಡ್ಡದು. ಇದರಲ್ಲಿ ಹೆಬ್ಬೆರಳ ಗಾತ್ರದವೇ ಇದ್ದವು. ಪೆಟ್ಟು ಬಿದ್ದರೆ ಅವು ಮಟ್ಟಸವಾಗಿ ಪದರ ಪದರ ಸೀಳಿಕೊಳ್ಳುತ್ತವೆ. ಮಿಂಚುವುದೂ ಆ ಮಟ್ಟಸ ಮುಖವೇ, ಕೈಕೊಡುವುದೂ ಅದೇ. ಇಂಥ ಕಲ್ಲಿನಲ್ಲಿ ಸಣ್ಣ ಗೆರೆ ಕೆತ್ತಬಾರದೆಂದು ತಮ್ಮನಿಗೆ ಗೊತ್ತಿರಲಿಲ್ಲವೇ? ಹಗಲು ಕಂಡ ಬಾವಿಗೇ ಹೋಗಿ ಬಿದ್ದ.

‘ಅ’ ನಿಂತಿತು, ‘ಮ’ ನಿಂತಿತು. ಒತ್ತಿಗೆ ಉಳಿ ಇಟ್ಟಾಗ ಅಲ್ಲಿದ್ದ ಹರಳು ಹೋಳಾಗಿ ಉದುರಿತು. ಕಲ್ಲಿನ ಮುಖವನ್ನೆಲ್ಲ ಉಜ್ಜಿ ಮತ್ತೆ ಕೆತ್ತಿದ. ಮತ್ತೆ ಒತ್ತೇ ಹೋಯಿತು.

“ಬೇರೆ ಕಲ್ಲು ತಗೊಳ್ಳೋ,” ಎಂದೆ. “ಹಟಕ್ಕೂ ಒಂದು ಮಿತಿ ಬೇಡ್ವಾ?”

“ಅವಳು ಇಷ್ಟಪಟ್ಟಿದ್ದು ಇದನ್ನೇ ಕಣಕ್ಕ.”

“ನಿನ್ನನ್ನೂ ಇಷ್ಟಪಟ್ಟಿದ್ಲು. ಅವಳ ಆಯ್ಕೆ ಎಲ್ಲಾ ಸರಿ ಇತ್ತು ಅಂತೀಯಾ?”

ನಗಲಿ ಎಂದು ಅಂದದ್ದು. ನಗಲಿಲ್ಲ. ಅವಳು ಸತ್ತ ದಿನ ಅಳಲೂ ಇಲ್ಲ ಪುಣ್ಯಾತ್ಮ. ನನಗೆ ಅದೇ ಸಂಕಟ, ಅದಕ್ಕೇ ಬಾಯಿ ಅಷ್ಟು ಹರಿತವಾಗುತ್ತಿತ್ತು.

ಇನ್ನೊಮ್ಮೆ ಉಜ್ಜಿ ಕೆತ್ತಿದ. ಮತ್ತದೇ ಕತೆ. ಆ ಹೊತ್ತಿಗೇ ಮಗಳು ಶಾಲೆಯಿಂದ ಬಂದಳು. ಒತ್ತಕ್ಷರ ಈ ವರ್ಷವಷ್ಟೇ ಕಲಿತವಳು. ಕಲ್ಲಿನ ಧೂಳು ಒರೆಸಿ, ಬೆರಳಿಟ್ಟು ಓದಿದಳು. “ಅ... ಮ...” ಹರಳು ಕಿತ್ತುಬಂದ ಕುಳಿಯಲ್ಲಿ ಬೆರಳು ನಿಂತಿತು.

“ಅಪ್ಪಾ, ಇದು ಅಮ್ಮ ಅಲ್ಲ.”

ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಕೈಸನ್ನೆಯಿಂದ ತಡೆದ. ಉಳಿ ಕೆಳಗಿಟ್ಟ.

“ಹೌದು ಪುಟ್ಟಿ. ಅಲ್ಲ,” ಎಂದ.

ಅಷ್ಟು ಹೇಳಿದವನೇ ಅವಳ ಪುಟ್ಟ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಮಗುವಿಗೆ ಗಾಬರಿಯಾಯಿತು. ತಾನು ತಪ್ಪು ಹಿಡಿದದ್ದಕ್ಕೇ ಅಪ್ಪ ಅಳುತ್ತಿದ್ದಾನೆ ಎಂದುಕೊಂಡು ಅವನ ಬೆನ್ನು ಸವರತೊಡಗಿದಳು.

“ಅಳಬೇಡಪ್ಪಾ,” ಎಂದಳು. “ನಂಗೂ ಮೊದ್ಲು ಒತ್ತು ಬರ್ತಿರ್ಲಿಲ್ಲ. ಅಮ್ಮನೇ ಕೈಹಿಡಿದು ಬರೆಸಿದ್ದು.”