ಲಿಂಡ್ಸೆಯ ಐದು ಸಾಲು

ನೆರಿಡಾ ಗಂಡ ಲಿಂಡ್ಸೆಯ ಕೋಟಿನ ಒಳಜೇಬಿಗೆ ಮತ್ತೊಮ್ಮೆ ಕೈಹಾಕಿದಳು. ಶವಪೆಟ್ಟಿಗೆಯ ಮುಚ್ಚಳ ಹಿಡಿದು ನಿಂತಿದ್ದವನು ಕೆಮ್ಮಿದ.

"ಇನ್ನು ಮುಚ್ಚಬಹುದಾ ಅಮ್ಮ?"

"ಒಂದ್ನಿಮಿಷ."

"ಏನ್ ಹುಡುಕ್ತಿದೀಯ?" ನಾದಿನಿ ಮೊಯಿರಾ ಪಿಸುಗುಟ್ಟಿದಳು.

"ದ್ರಾಕ್ಷಿ ಸಾಲುಗಳ ಹೆಸರು. ಎಲ್ಲಾದ್ರೂ ಬರ್ದಿಟ್ಟಿರ್ಬೇಕಲ್ಲ."

"ನಮ್ಮಣ್ಣ ಬರೆಯೋ ಪೈಕೀನಾ? ಕ್ರಿಸ್‌ಮಸ್ ಕಾರ್ಡಿಗೂ ನೀನೇ ಸಹಿ ಹಾಕ್ತಿದ್ದೆ."

ಜೇಬು ಖಾಲಿಯಿತ್ತು. ಮುಚ್ಚಳ ಕೂತಿತು.

ಚರ್ಚಿನ ಬಾಗಿಲಲ್ಲಿ ಪಕ್ಕದ ತೋಟದ ಕತ್‌ಬರ್ಟ್ ಟೋಪಿ ತೆಗೆದು ಕಾಯುತ್ತಿದ್ದ. "ಇವತ್ತು ಕೇಳೋ ಮಾತಲ್ಲ, ನೆರಿಡಾ. ಆದ್ರೆ ಸಂಜೆಗೆ ಮಳೆ ಅಂತಿದಾರೆ. ನಿಮ್ ಹಣ್ಣು ಆಗ್ಲೇ ಬಿರೀತಿದೆ. ಯಾವ ಸಾಲು ಯಾವ್ದು ಅಂತ ಹೇಳಿದ್ರೆ ಬೇರೆಬೇರೆ ಕಿತ್ತುಕೊಡ್ತೀವಿ."

"ನಂಗೊತ್ತಿಲ್ಲ," ಎಂದಳು ನೆರಿಡಾ.

*

ಲಿಂಡ್ಸೆ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು. ಹ್ಯುವಾನ್ ನದಿಯ ಮೇಲಿನ ಇಳಿಜಾರಿನಲ್ಲಿ ಅವನು ನೆಟ್ಟದ್ದು ಒಂದೇ ವೈನ್ ದ್ರಾಕ್ಷಿ, ಪಿನೋ ನ್ವಾರ್. ಆದರೆ ಐದು ಸಾಲಿಗೆ ಐದು ಬೇರೆ ತಾಯಿಬಳ್ಳಿಗಳ ತುಂಡು, ಒಂದೊಂದಕ್ಕೂ ಒಂದು ಹೆಸರು. ಒಂದರ ಗೊನೆ ಮುಷ್ಟಿಯಂತೆ ಬಿಗಿ, ಇನ್ನೊಂದರದು ಸಡಿಲ; ಒಂದು ಹತ್ತು ದಿನ ಮೊದಲೇ ಹಣ್ಣಾಗುತ್ತದೆ, ಒಂದಕ್ಕೆ ಎಷ್ಟು ಬಿಸಿಲಿದ್ದರೂ ಸಾಲದು. ಹಾಗೆಂದು ಅವನು ಹೇಳುತ್ತಿದ್ದ. ನೆರಿಡಾಗೆ ಎಲ್ಲವೂ ಕಪ್ಪು ದ್ರಾಕ್ಷಿಯೇ. ಸಾಲಿಗೊಂದು ಹೆಸರಿನ ಫಲಕ ನೆಡು ಎಂದರೆ ನಗುತ್ತಿದ್ದ: "ಎಲೆ ನೋಡಿದ್ರೆ ಗೊತ್ತಾಗುತ್ತೆ ಕಣೆ. ಮುಂದಿನ ವರ್ಷ ಕಲಿಸ್ತೀನಿ."

ಕಳೆದ ಜೂನ್‌ನಲ್ಲಿ ಪಾರ್ಶ್ವವಾಯು ಬಡಿದು ಮಾತು ಹೋಯಿತು. ಆಗಸ್ಟಿನಲ್ಲಿ, ಅಲ್ಲಿನ ಚಳಿಗಾಲದ ಕೊನೆಗೆ, ಬಳ್ಳಿ ಕತ್ತರಿಸುವ ಹೊತ್ತಿಗೆ ಅವಳು ಅವನನ್ನು ಗಾಲಿಕುರ್ಚಿಯಲ್ಲಿ ತೋಟಕ್ಕೆ ತಳ್ಳಿಕೊಂಡು ಹೋದಳು. ಕತ್ತರಿ ಇಟ್ಟಲ್ಲೆಲ್ಲ ಅವನು "ಬಾ... ಬಾ..." ಎಂಬ ಒಂದೇ ಸದ್ದು ಹೊರಡಿಸುತ್ತಿದ್ದ.

"ಇದು ಬೇಡ್ವಾ? ಇದಾ? ಇಲ್ಲಿಗಾ?"

"ಬಾ."

ಅದು ಹೌದೋ ಅಲ್ಲವೋ ತಿಳಿಯಲಿಲ್ಲ. ಮೂರನೆಯ ಬಳ್ಳಿಗೆ ಅವನು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ. ಹಿಡಿತ ನೋಯುವಷ್ಟು ಗಟ್ಟಿಯಿತ್ತು. ಆಮೇಲೆ ತಾನೇ ಬಿಟ್ಟು ಕಣ್ಣು ಮುಚ್ಚಿಕೊಂಡ. ಅವಳು ಐದೂ ಸಾಲನ್ನು ಒಂದೇ ತೆರನಾಗಿ ಕತ್ತರಿಸಿ ಮುಗಿಸಿದಳು. ಅವನು ಮತ್ತೆ ತೋಟಕ್ಕೆ ಬರಲು ಒಪ್ಪಲಿಲ್ಲ.

*

ಮಣ್ಣು ಮುಗಿಸಿ ಚರ್ಚಿನ ಹಜಾರದಲ್ಲಿ ಚಹಾ ಕುಡಿಯುವಾಗ ಮೊಯಿರಾ ಅಂದಳು, "ಸಸಿ ಕೊಟ್ಟೋರನ್ನ ಕೇಳ್ಬಾರ್ದಾ?"

"ಆ ಮುದುಕ ಸತ್ತು ಆರು ವರ್ಷ ಆಯ್ತು," ಎಂದ ಕತ್‌ಬರ್ಟ್. "ನಾನೂ ಬೆಳಿಗ್ಗೆ ಹೋಗಿ ನೋಡ್ದೆ. ಗೊನೆ ನೋಡಿ ಹೇಳೋಣ ಅಂದ್ರೆ ಈ ಸಲ ಎಲ್ಲಾ ಕಡೆ ಒತ್ತೊತ್ತಾಗಿ ಬಂದಿದೆ. ಕತ್ತರಿಸಿದ್ದು..." ಅವನು ಅಲ್ಲಿಗೇ ನಿಲ್ಲಿಸಿದ.

"ಕತ್ತರಿಸಿದ್ದು ನಾನು," ಎಂದಳು ನೆರಿಡಾ. "ಕಿತ್ತುಬಿಡಿ. ಎಲ್ಲಾ ಒಟ್ಟಿಗೆ."

"ಅವ್ನು ಒಂದ್ಸಲಾನೂ ಬೆರೆಸಿದೋನಲ್ಲ."

"ಗೊತ್ತು."

ಸಾವಿಗೆ ಬಂದವರೇ ಟೈ ಬಿಚ್ಚಿ ತೋಟಕ್ಕಿಳಿದರು. ಕತ್‌ಬರ್ಟ್ ಯಾವುದಕ್ಕೂ ಇರಲೆಂದು ಐದು ದೊಡ್ಡ ತೊಟ್ಟಿ ತಂದು ಸಾಲಿಗೊಂದರಂತೆ ಇಟ್ಟಿದ್ದ. ಬಕೆಟ್ಟುಗಳೆಲ್ಲ ಮೊದಲನೆಯದಕ್ಕೇ ಬಂದು ಸುರಿದವು. ನೆರಿಡಾ ಅದರ ಪಕ್ಕ ನಿಂತಿದ್ದಳು.

ಕೊನೆಯ ಸಾಲು ಅರ್ಧವಾದಾಗ ಮಳೆ ಹಿಡಿಯಿತು. ಕತ್‌ಬರ್ಟ್ ತುಂಬಿದ ತೊಟ್ಟಿಗೆ ಟಾರ್ಪಾಲು ಎಳೆದ. ಉಳಿದ ನಾಲ್ಕು ಖಾಲಿ ತೊಟ್ಟಿಗಳು ಸಾಲುಗಳ ತುದಿಯಲ್ಲಿ ಬಾಯಿ ತೆರೆದುಕೊಂಡು, ಮಳೆಗೆ ಜೋರಾಗಿ ಸದ್ದು ಮಾಡುತ್ತಿದ್ದವು. ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ನಿಂತು ಸದ್ದು ಮೆತ್ತಗಾಯಿತು.